ಎಳೆತದಲ್ಲಿ ಏರಿದ ಕಾರು

ನಮ್ಮೂರಿನ ಗುಡ್ಡ ದಿನಕ್ಕೊಂದು ಸಲ ಉಸಿರೆಳೆದುಕೊಳ್ಳುತ್ತದೆ. ತಿಂಡಿಯ ಪಾತ್ರೆ ತೊಳೆದು ಬೋರಲು ಹಾಕುವ ಹೊತ್ತಿಗೆ ಶುರುವಾದರೆ ಮಧ್ಯಾಹ್ನದ ಅನ್ನಕ್ಕೆ ಎಸರಿಡುವ ಹೊತ್ತಿಗೆ ಬಿಡುತ್ತದೆ. ಆ ನಡುವಿನ ಹೊತ್ತಿಗೆ ನಾವು ಎಳೆತ ಅನ್ನುತ್ತೇವೆ, ಮಿಕ್ಕಿದ್ದಕ್ಕೆಲ್ಲ ಬಿಡುವು. ಎಳೆತದಲ್ಲಿ ಊರಿನ ಗಾಳಿ ತೆಳ್ಳಗಾಗಿ ಒಲೆಯ ಉರಿ ಹೆಸರುಕಾಳಿನಷ್ಟಾಗುತ್ತದೆ. ಸ್ಕೂಟರುಗಳು ಕೆಮ್ಮಿಕೊಂಡು ನಿಂತಲ್ಲೇ ನಿಲ್ಲುತ್ತವೆ. ಸೊಸೆಯನ್ನು ಬೈಯುತ್ತಿದ್ದ ಅತ್ತೆ ಅರ್ಧಕ್ಕೆ ನಿಲ್ಲಿಸಿ, ಮಿಕ್ಕಿದ್ದು ಆಮೇಲೆ ಎಂದು ಕೈಸನ್ನೆ ಮಾಡಿ ಜಗಲಿಯ ಮೇಲೆ ಕೂರುತ್ತಾಳೆ. ಸೊಸೆಯೂ ಪಕ್ಕದಲ್ಲೇ ಕೂರುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗುಡ್ಡ ಬಿಡುವವರೆಗೆ ಅವರೆಕಾಯಿ ಸುಲಿಯುತ್ತಾರೆ. ಹೊರಗಿನಿಂದ ಬಂದವರು ಇದನ್ನು ನೋಡಿ ನಮ್ಮೂರಿನಲ್ಲಿ ಬಹಳ ಒಗ್ಗಟ್ಟು ಅಂದುಕೊಂಡು ಹೋಗುತ್ತಾರೆ.

ಎಳೆತದಲ್ಲಿ ಆಡಿದ ಮಾತು ಮಾತ್ರ ನಮ್ಮಲ್ಲಿ ಖಾಯಂ. ಉಸಿರಿಗೇ ತತ್ವಾರ ಇರುವಾಗ ಯಾರು ತಾನೇ ಅದನ್ನು ಸುಳ್ಳಿಗೆ ಖರ್ಚು ಮಾಡುತ್ತಾರೆ? ಅದಕ್ಕೇ ಮದುವೆಯ ಮಾತನ್ನು ಎಳೆತದಲ್ಲೇ ಕೇಳಬೇಕು. ಮಾಡಿಕೊಳ್ಳುವವನೇ ಹೆಣ್ಣಿನ ಹೊಸಿಲಿಗೆ ಹೋಗಿ ಸ್ವಂತ ಬಾಯಿಂದ ಕೇಳಬೇಕು, ಅವಳು ಅದೇ ಎಳೆತ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಒಂದು ಹೊಸಿಲಲ್ಲಿ ಒಬ್ಬನಿಗೆ ಒಂದೇ ಸಲ. ಆ ಸಲ ತಪ್ಪಿದರೆ ಜನ್ಮಕ್ಕೇ ತಪ್ಪಿದ ಹಾಗೆ. ಕೆಳಬೀದಿಯ ಹುಡುಗ ಕೆಳಬೀದಿಯ ಹುಡುಗಿಯನ್ನೇ ಮೆಚ್ಚಿದರೆ ಇದೇನು ಮಹಾ ಕಷ್ಟವಲ್ಲ. ಮೇಲ್ಬೀದಿಯವಳ ಮೇಲೆ ಮನಸ್ಸು ಹೋಯಿತೋ, ಅಲ್ಲಿಗೆ ಮುಗಿಯಿತು ಕಥೆ. ಮಧ್ಯೆ ಏರು ಇದೆ. ನೆಟ್ಟಗೆ ಗೋಡೆಗೆ ಒರಗಿಸಿಟ್ಟ ಏಣಿಯಂಥ ಏರು. ಎಳೆತದಲ್ಲಿ ಅದನ್ನು ಹತ್ತಿ ಮೇಲೆ ಹೋಗುವಷ್ಟರಲ್ಲಿ ಗಟ್ಟಿಮುಟ್ಟಾದ ಹುಡುಗರಿಗೇ ನಾಲಗೆ ಹೊರಗೆ ಬಂದಿರುತ್ತದೆ.

ನಮ್ಮಣ್ಣ ಓಬಳೇಶ ಹುಡುಗನೂ ಅಲ್ಲ, ಗಟ್ಟಿಮುಟ್ಟೂ ಅಲ್ಲ. ಊರಿನ ವಾಲಗದವನು. ಊರಿನ ಅರ್ಧ ಜನರ ಮದುವೆಗೆ ಅವನೇ ಊದಿದ್ದಾನೆ, ಅವನ ಮದುವೆಗೆ ಮಾತ್ರ ಮುಹೂರ್ತವೇ ಸಿಗಲಿಲ್ಲ. ಊದಿ ಊದಿ ಎದೆ ಸವೆದು, ಐವತ್ತು ದಾಟುವ ಹೊತ್ತಿಗೆ ವಾಲಗವನ್ನು ಬಟ್ಟೆಯಲ್ಲಿ ಸುತ್ತಿಟ್ಟು ನನ್ನ ಮನೆಗೆ ಬಂದ. ನನಗೂ ಗಂಡ ಹೋಗಿ ಬಹಳ ವರ್ಷವಾಗಿತ್ತು. ಅವರು ಬಿಟ್ಟುಹೋದ ಹಳೆಯ ಕಾರನ್ನು ನಾನೇ ಬಾಡಿಗೆಗೆ ಓಡಿಸುತ್ತಿದ್ದೆ. ಅಣ್ಣ ಬಂದದ್ದು ಮನೆಗೆ ಬೆಳಕಾಯಿತು ಅಂತ ನಾನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅವನು ತಲೆಯ ಮೇಲೆ ಕೂರುತ್ತಿದ್ದ.

ಅವನ ರೋಗ ನನಗೆ ಗೊತ್ತಾದದ್ದು ಸ್ಟವ್ವಿನಿಂದ. ಮೇಲ್ಬೀದಿಯ ದಾಕ್ಷಾಯಿಣಿ ಪ್ರತಿ ಸಂತೆಗೂ ಕೆಳಗಿಳಿದು ಬಂದು, ಬೇವಿನಮರದ ಬುಡದಲ್ಲಿ ಗೋಣಿತಟ್ಟು ಹಾಸಿ ಸ್ಟವ್ವು, ಕುಕ್ಕರು ರಿಪೇರಿ ಮಾಡುತ್ತಾಳೆ. ನಮ್ಮೂರಿನಲ್ಲಿ ಉರಿಯನ್ನು ಎಳೆತಕ್ಕೂ ಬಿಡುವಿಗೂ ಹೊಂದಿಸುವುದು ಎಂಥವರಿಗೂ ಬರುವ ಕೆಲಸವಲ್ಲ. ಅವಳಿಗೆ ಬರುತ್ತದೆ. ನಮ್ಮ ಸ್ಟವ್ವಿಗೆ ಏನೂ ಆಗಿರಲಿಲ್ಲ. ಆದರೂ ಅಣ್ಣ ಸಂತೆ ಸಂತೆಗೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದ. ಅವಳೂ ಏನೂ ಆಗಿಲ್ಲ ಅನ್ನದೆ ಬಿಚ್ಚಿ, ಒರೆಸಿ, ನಿಧಾನವಾಗಿ ಜೋಡಿಸಿ ಕೊಡುತ್ತಿದ್ದಳು. ಒಂದು ಸಂತೆಯ ದಿನ ಅಣ್ಣ ಸ್ಟವ್ವನ್ನು ಅಲ್ಲೇ ಮರೆತು ಬರಿಗೈಯಲ್ಲಿ ನಗುತ್ತಾ ಬಂದ. ಅನ್ನ ಎಲ್ಲಿ ಬೇಯಿಸಲಿ ಅಂತ ಕೇಳಿದರೆ, ಯಾವ ಅನ್ನ ಅಂದ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ನೇರವಾಗಿ ಕೇಳಿಯೂ ಬಿಟ್ಟೆ. ಅವನು ಆಗ ಸ್ಟವ್ವು ತರುತ್ತೇನೆ ಅಂತ ಎದ್ದು ಹೋದ. ಮಾರನೆಯ ದಿನ ಎಳೆತ ಶುರುವಾದ ಮೇಲೆ ಜಗಲಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತ.

"ಅವರನ್ನ ಕೇಳ್ಬೇಕು, ಕೆಂಪಿ" ಅಂದ.

ಅಷ್ಟು ಹೇಳಿ ಕಂಬ ಹಿಡಿದುಕೊಂಡು ಏದುಸಿರು ಬಿಟ್ಟ. ಕೂತಲ್ಲೇ ಒಂದು ಮಾತಿಗೆ ಇಷ್ಟು ಪಾಡು. ಇನ್ನು ಏರು ಹತ್ತಿದರೆ ಇವನ ಬಾಯಲ್ಲಿ ಏನು ಹೊರಡೀತು? ದಾಕ್ಷಾಯಿಣಿಯನ್ನು ಕೇಳಲು ಈ ಹಿಂದೆ ಒಬ್ಬ ಹೋಗಿದ್ದ, ಸೌದೆ ಡಿಪೋದವನು. ಹೊಸಿಲಿಗೆ ಹೋಗಿ ಬಿದ್ದವನ ಬಾಯಿಂದ ಹೊರಟದ್ದು 'ನೀರು' ಅನ್ನುವುದೊಂದೇ. ಅವಳು ನೀರು ಕೊಟ್ಟಳು. ಎಳೆತದಲ್ಲಿ ಕೇಳಿದ್ದು ನೀರು, ಕೊಟ್ಟದ್ದೂ ಆಯಿತು ಅಂತ ಮೇಲ್ಬೀದಿಯವರು ಅವನನ್ನು ಕೆಳಗೆ ಕಳಿಸಿದರು. ಇವತ್ತಿಗೂ ಅವನಿಗೆ ಯಾರೂ ನೀರು ಬೇಕೇ ಅಂತ ಕೇಳುವ ಹಾಗಿಲ್ಲ, ಹೊಡೆಯಲು ಬರುತ್ತಾನೆ.

ಬೇರೆ ದಾರಿ ಇದೆಯೇ ಅಂತ ಕೇಳಲು ನಾನೇ ಬಿಡುವಿನಲ್ಲಿ ಮೇಲ್ಬೀದಿಯ ತುದಿಮನೆಯ ಬೋರಜ್ಜಿಯ ಹತ್ತಿರ ಹೋದೆ. ನಡವಳಿಕೆಯ ವಿಷಯದಲ್ಲಿ ಇಡೀ ಊರಿಗೆ ಅವಳ ಮಾತೇ ಕೊನೆ. ಬಿಡುವಿನಲ್ಲೇ ಹತ್ತಿ ಬಂದು ಮೇಲೆ ಕಾದು ಕೂತರೆ ಆಗುವುದಿಲ್ಲವೇ ಅಂದೆ. ಹಾಗೆ ಬಂದವನು ನೆಂಟ, ಕಾಫಿ ಕೊಟ್ಟು ಕಳಿಸುತ್ತೇವೆ ಅಂದಳು. ನಾಲ್ಕು ಜನ ಹೊತ್ತು ತಂದರೆ ಅಂದೆ. ಹಿಂದೊಬ್ಬನನ್ನು ಅವನ ತಮ್ಮಂದಿರು ಡೋಲಿಯಲ್ಲಿ ಹೊತ್ತು ತಂದಿದ್ದರಂತೆ. ಕೇಳಿದ ಮಾತಿನಲ್ಲಿ ಹೊತ್ತವರ ಉಸಿರೂ ಸೇರಿದೆಯಲ್ಲ, ಹಾಗಾದರೆ ಇವರಲ್ಲಿ ಮದುವೆ ಯಾರ ಜೊತೆ ಅಂತ ಆ ಹುಡುಗಿ ಕೇಳಿದಳಂತೆ. ಅಣ್ಣತಮ್ಮಂದಿರು ಅಲ್ಲೇ ಜಗಳಕ್ಕೆ ಬಿದ್ದು ಡೋಲಿಯೊಂದೇ ಉರುಳಿಕೊಂಡು ಕೆಳಗೆ ಹೋಯಿತಂತೆ. ಕೊನೆಗೆ ನಾನು, ಕಾರಿನಲ್ಲಿ ಬಂದರೆ ಅಂದೆ. ಎಳೆತದಲ್ಲಿ ಯಾವ ಗಾಡಿಯೂ ಆ ಏರು ಹತ್ತಿದ್ದಿಲ್ಲವಾದ್ದರಿಂದ ಹಿಂದಿನವರು ಅದಕ್ಕೆ ಏನೂ ಹೇಳಿರಲಿಲ್ಲ. ಕಾರು ಉಸಿರಾಡುವುದು ಕಾರಿನ ಉಸಿರು, ಅದರಲ್ಲಿ ಯಾರದೂ ಪಾಲಿಲ್ಲ, ಬರಲಿ ಅಂದಳು. ಬಂದರೆ ತಾನೇ ಅಂತ ಬೊಚ್ಚುಬಾಯಿ ಬಿಟ್ಟು ನಕ್ಕಳು ಕೂಡ.

ಆ ನಗು ನನಗೆ ಸಿಟ್ಟು ತಂದಿತು. ಅಣ್ಣನಿಗೆ ಹುರುಪು ತಂದಿತು. ಗುಜರಿ ಅಂಗಡಿಗೆ ಹೋಗಿ, ಯಾವುದೋ ಸತ್ತ ಲಾರಿಯ ಹೊಟ್ಟೆಯಿಂದ ತೆಗೆದ ಬಸವನಹುಳುವಿನ ಆಕಾರದ ಕಬ್ಬಿಣದ ಗಡ್ಡೆಯೊಂದನ್ನು ತಂದು ಅಡುಗೆಮನೆಯಲ್ಲಿಟ್ಟ. ಟರ್ಬೊ ಅಂದ. ನನ್ನ ಅಡುಗೆಮನೆಯಿಂದ ಆಚೆಗೆ ಅಂದೆ ನಾನು. ಅವನು ಅದನ್ನು ಹಿತ್ತಿಲಿಗೆ ಒಯ್ದು ಸೀಮೆಎಣ್ಣೆಯಲ್ಲಿ ತೊಳೆದು, ಎರಡು ಕಡೆಯೂ ಇದ್ದ ಪುಟ್ಟ ಚಕ್ರಗಳನ್ನು ತೋರಿಸಿದ. ಎರಡೂ ಒಂದೇ ಸಲಾಕೆಗೆ ಕೂತಿದ್ದವು. ಎಂಜಿನ್ನು ಹೊರಗೆ ಬಿಡುವ ಹೊಗೆ ಈ ಕಡೆಯ ಚಕ್ರವನ್ನು ತಿರುಗಿಸುತ್ತದಂತೆ. ಅದರ ಜೊತೆಗೇ ಆ ಕಡೆಯ ಚಕ್ರವೂ ತಿರುಗಿ, ಹೊರಗಿನ ತೆಳ್ಳಗಿನ ಗಾಳಿಯನ್ನು ಹಿಡಿದು ಒತ್ತಿ ಎಂಜಿನ್ನಿನ ಬಾಯಿಗೆ ತುರುಕುತ್ತದಂತೆ.

"ಬಿಟ್ಟ ಉಸಿರೇ ಎಳೆಯೋ ಉಸಿರನ್ನ ತಳ್ಳತ್ತೆ, ನೋಡು" ಅಂದ. "ವಾಲಗದಲ್ಲಿ ನಾವು ಮಾಡೋದೂ ಇದೇ ಅಲ್ವ. ಕೆನ್ನೇಲಿರೋದನ್ನ ಊದ್ತಾ ಇರೋವಾಗ್ಲೇ ಮೂಗಲ್ಲಿ ಎಳ್ಕೋತೀವಿ."

ಕಾರು ಕೆಟ್ಟರೆ ನಮ್ಮಿಬ್ಬರ ಊಟವೂ ಕೆಡುತ್ತದೆ ಅನ್ನುವುದನ್ನು ನಾನು ಅವನಿಗೆ ನೆನಪು ಮಾಡಿದೆ. ಮಾಡಿದವಳೇ ಬಾನೆಟ್ ಎತ್ತಿಕೊಟ್ಟೆ. ಆ ಮುಖ ನೋಡಿದ ಮೇಲೆ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮ ಹಿತ್ತಿಲು ಆಮೇಲೆ ಹಿತ್ತಿಲಾಗಿ ಉಳಿಯಲಿಲ್ಲ. ಕರಿಬೇವಿನ ಗಿಡಕ್ಕೆ ಸೈಲೆನ್ಸರ್ ನೇತುಬಿತ್ತು. ಒಗೆಯುವ ಕಲ್ಲಿನ ಮೇಲೆ ನಟ್ಟು ಬೋಲ್ಟು. ಲಾರಿಯ ಟರ್ಬೊ ಕಾರಿನ ಎಂಜಿನ್ನಿಗೆ ಹೇಗೆ ಕೂತೀತು? ಅದಕ್ಕೊಂದು ದಪ್ಪ ಕಬ್ಬಿಣದ ಪಟ್ಟಿ ಕತ್ತರಿಸಿ, ತೂತು ಕೊರೆಸಿ, ವೆಲ್ಡಿಂಗ್ ಮಾಡಿಸಬೇಕಾಯಿತು. ವೆಲ್ಡಿಂಗಿನ ಉರಿ ಎಳೆತದಲ್ಲಿ ಹತ್ತುವುದಿಲ್ಲ, ಬಿಡುವಿನಲ್ಲಿ ಆರುವುದಿಲ್ಲ. ಒಳಗಿನ ಸಲಾಕೆ ಕಾಯದಂತೆ ಎಂಜಿನ್ನಿನ ಎಣ್ಣೆಯನ್ನು ಅದಕ್ಕೂ ಹರಿಸಲು ಅಣ್ಣ ಸಣ್ಣ ತಾಮ್ರದ ನಳಿಗೆ ಎಳೆದ. ಗಾಳಿಯ ಪೈಪನ್ನು ಮಾತ್ರ ಕ್ಲಿಪ್ಪು ಹಾಕಿ ಬಿಗಿಯದೆ, ವಾಲಗಕ್ಕೆ ಪೀಪಿ ಕಟ್ಟುವ ಹಾಗೆ ನೂಲು ಸುತ್ತಿ ಮೇಣ ಮೆತ್ತಿದ. ಎಂಜಿನ್ನು ಬಿಸಿಯಾದ ಕೂಡಲೇ ಮೇಣ ಕರಗಿ, ನೂಲು ಬಿಚ್ಚಿಕೊಂಡು, ಪೈಪು ಕಳಚಿ ಬಿತ್ತು. ಅವನ ನಲವತ್ತು ವರ್ಷದ ಅಭ್ಯಾಸ ಅದು, ಏನು ಮಾಡುವುದು. ಬೈದು ಕ್ಲಿಪ್ಪು ಹಾಕಿಸಿದೆ. ಬೈಗುಳದ ನಡುವೆಯೂ ಅವನು ನಗುತ್ತಲೇ ಇದ್ದ. ಎಷ್ಟೋ ವರ್ಷಗಳಿಂದ ಅವನು ಬೆಳಗಾಗುವುದನ್ನು ಹಾಗೆ ಕಾದದ್ದನ್ನು ನಾನು ಕಂಡಿರಲಿಲ್ಲ.

ಕಾರನ್ನು ನಾವು ಪರೀಕ್ಷೆ ಮಾಡಿದ್ದು ಎಳೆತದಲ್ಲಿ ಮಾತ್ರ. ಬೇಕಾದದ್ದೇ ಎಳೆತಕ್ಕೆ ತಾನೇ? ಸಂತೆಯ ದಿನ ಎಳೆತ ಮುಗಿಯುತ್ತಾ ಬಂದಾಗ ಕೆಳಬೀದಿಯಲ್ಲಿ ಮೊದಲ ಸಲ ಓಡಿಸಿದೆ. ಮೊದಲು ಕಾರು ಮಂಕಾಗಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಬಾನೆಟ್ಟಿನ ಒಳಗೆ ಸುಂಯ್ ಅಂತ ಒಂದು ಸಣ್ಣ ಶ್ರುತಿ ಎದ್ದಿತು ನೋಡಿ, ಹಿಂದಿನಿಂದ ಯಾರೋ ಎರಡೂ ಕೈಯಲ್ಲಿ ನೂಕಿದ ಹಾಗೆ ಮುಂದಕ್ಕೆ ಹಾರಿತು. ಜಗಲಿಗಳ ಮೇಲೆ ಕೂತಿದ್ದವರು ಮಾತಾಡಲು ಉಸಿರಿಲ್ಲದೆ ಕೈ ಮಾತ್ರ ಎತ್ತಿದರು. ಅಣ್ಣ ಪಕ್ಕದಲ್ಲಿ ಕೂತು ತೊಡೆ ತಟ್ಟಿಕೊಂಡು ತಾಳ ಹಾಕುತ್ತಿದ್ದ. ನಾನೂ ಮೈಮರೆತು ಸಂತೆಯ ತನಕ ಬಿಟ್ಟೆ. ಅಷ್ಟರಲ್ಲಿ ಗುಡ್ಡ ಉಸಿರು ಬಿಟ್ಟಿತು.

ತೆಳ್ಳಗಿನ ಗಾಳಿಯನ್ನು ಒತ್ತಿ ಒತ್ತಿ ತುಂಬಲೆಂದು ಹೊಂದಿಸಿಟ್ಟ ಯಂತ್ರಕ್ಕೆ ಒಮ್ಮೆಲೇ ಊರಿನ ಗಾಳಿಯೆಲ್ಲ ನುಗ್ಗಿತು. ಕಾರಿಗೆ ದೆವ್ವ ಹೊಕ್ಕಂತಾಯಿತು. ಕುಂಬಳಕಾಯಿಯ ರಾಶಿಯನ್ನು ಎರಡಾಗಿ ಸೀಳಿಕೊಂಡು ಹೋಗಿ, ಢಮಾರ್ ಅಂತ ಪೈಪು ಸಿಡಿದು, ಕ್ಲಿಪ್ಪು ಯಾರದೋ ಹೆಂಚಿನ ಮೇಲೆ ಬಿದ್ದು, ಬೇವಿನಮರಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಮರದ ಬುಡದಲ್ಲಿ ಗೋಣಿತಟ್ಟಿನ ಮೇಲೆ ದಾಕ್ಷಾಯಿಣಿ ಕೂತಿದ್ದಳು. ಕೈಯಲ್ಲಿ ಯಾರದೋ ಸ್ಟವ್ವಿನ ಬತ್ತಿ.

ಅವಳು ಎದ್ದು ಬಂದು, ಹೆದರಿದ ಗುರುತೇ ಇಲ್ಲದೆ, ಬಾನೆಟ್ ಎತ್ತಿಸಿ ಒಳಗೆ ಬಗ್ಗಿ ನೋಡಿದಳು. ಟರ್ಬೊವನ್ನು, ಸೀಳಿದ ಪೈಪನ್ನು ಮುಟ್ಟಿ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಇದು ಯಾತಕ್ಕೆ ಓಬಳೇಶಪ್ಪನವರೇ?"

"ಏರು ಹತ್ತೋಕೆ" ಅಂದ ಅಣ್ಣ.

"ಎಳೆತದಲ್ಲಾ?"

"ಹೂಂ. ಮೇಲಕ್ಕೊಂದು ಬಾಡಿಗೆ ಇದೆ."

ಬಾಡಿಗೆಯಂತೆ. ನಾನು ಹಲ್ಲು ಕಚ್ಚಿಕೊಂಡು ನಗು ತಡೆದೆ. ದಾಕ್ಷಾಯಿಣಿಯ ಕಿವಿ ಕೆಂಪಾಗಿತ್ತು, ಅದು ಬಿಸಿಲಿಗೂ ಇದ್ದೀತು. ಗಾಳಿ ಮಿತಿಮೀರಿದರೆ ಹೊರಗೆ ಹೋಗಲು ಒಂದು ದಾರಿ ಬೇಡವೇ, ಅನ್ನ ಬೇಯಿಸುವ ಕುಕ್ಕರಿಗೆ ಇರುವಷ್ಟು ಬುದ್ಧಿ ಈ ಕಾರಿಗೆ ಬೇಡವೇ ಅಂದಳು. ಅಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು. ಹುಟ್ಟಿದಾಗಿನಿಂದ ಎಳೆತ ಬಿಡುವು ಎರಡನ್ನೂ ಉಂಡು ಬೆಳೆದವರು ನಾವು, ಎಳೆತ ಮುಗಿದರೆ ಬಿಡುವು ಬರುತ್ತದೆ ಅನ್ನುವುದೇ ನಮ್ಮ ತಲೆಗೆ ಹೊಳೆದಿರಲಿಲ್ಲ.

ಅವಳೇ ಹೊಸ ಪೈಪಿನ ಮೇಲ್ಭಾಗದಲ್ಲಿ ತೂತು ಕೊರೆದು, ಕುಕ್ಕರಿನ ಮೂತಿಯೊಂದನ್ನು ಕೂರಿಸಿ, ಮೇಲೆ ಕುಕ್ಕರಿನ ಗುಂಡು ಇಟ್ಟಳು. ಏರಿನ ಕುಲುಕಾಟಕ್ಕೆ ಗುಂಡು ಹಾರಿಹೋಗದಂತೆ ಒಂದು ಸ್ಪ್ರಿಂಗನ್ನೂ ಬಿಗಿದಳು. ಕೂಲಿ ಎಷ್ಟು ಅಂದರೆ ಆಮೇಲೆ ನೋಡೋಣ ಅಂದಳು. ಅವತ್ತು ಬಿಡುವಿನಲ್ಲೇ ಇಡೀ ಸಂತೆ ಸುತ್ತಿಸಿ ನೋಡಿದೆವು. ಗಾಳಿ ಹೆಚ್ಚಾದಾಗ ಕಾರು ಸೀಟಿ ಹೊಡೆದು ಹಬೆ ಬಿಟ್ಟ ಕುಕ್ಕರಿನಂತೆ ಹಗುರಾಗುತ್ತಿತ್ತು. ಸೀಟಿ ಕೇಳಿದ ಹೆಂಗಸರೆಲ್ಲ ಬೇಳೆ ಬೆಂತೇನೋ ಅಂತ ಒಳಗೆ ಓಡಿ ಹೋಗಿ ನೋಡಿ ಬರುತ್ತಿದ್ದರು.

ಹೊರಡುವ ದಿನ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಎಳೆತದ ಗಾಳಿಗೆ ಎಂಜಿನ್ನು ಹತ್ತಿಕೊಳ್ಳಲು ಸತಾಯಿಸಿ, ಏರಿನ ಬುಡಕ್ಕೆ ಬರುವಷ್ಟರಲ್ಲಿ ಎಳೆತ ಮುಕ್ಕಾಲು ಕಳೆದಿತ್ತು. ಬಾಯಿ ಮುಚ್ಚಿಕೊಂಡು ಕೂರು, ಉಸಿರು ಉಳಿಸಿಕೋ ಅಂತ ಮನೆಯಲ್ಲೇ ಹೇಳಿ ಕರೆತಂದಿದ್ದೆ. ಆಸಾಮಿಗೆ ಎಲ್ಲಿಯ ಸಮಾಧಾನ. ಗೇರು ಹಾಕುವಾಗಲೇ, ಕೆಂಪೀ, ಅವರು ಬೇಡ ಅಂದ್ರೆ ಅಂತ ಶುರು ಮಾಡಿದ. ನಾನು ತಿರುಗಿ ನೋಡಿದ ನೋಟಕ್ಕೆ ತುಟಿ ಒತ್ತಿಕೊಂಡು ಕೂತ.

ಅರ್ಧ ಏರಿನವರೆಗೆ ಸುಂಯ್ ಅನ್ನುತ್ತಾ ಹೋದೆವು. ಕಡಿದಾದ ತಿರುವಿನಲ್ಲಿ ವೇಗ ಕಡಿಮೆ ಮಾಡಲೇಬೇಕಾಯಿತು. ಮಾಡಿದ್ದೇ ತಡ, ಹೊಗೆ ಕಡಿಮೆಯಾಗಿ, ಟರ್ಬೊದ ಚಕ್ರ ನಿಧಾನವಾಗಿ, ಶ್ರುತಿ ಇಳಿದುಹೋಯಿತು. ಕಾರು ನಡುಗಿ ಹಿಂದಕ್ಕೆ ಜಾರುವಂತಾಯಿತು. ಆಗ ಅಣ್ಣ ಮಾತಾಡದೆ ನನ್ನ ಮೊಣಕಾಲಿನ ಮೇಲೆ ಬೆರಳಲ್ಲಿ ತಟ್ಟತೊಡಗಿದ. ಮೊದಲು ನಿಧಾನ, ಆಮೇಲೆ ಒಂದಿಷ್ಟು ಚುರುಕು, ಮತ್ತೂ ಚುರುಕು. ಅರ್ಥವಾಯಿತು. ಕ್ಲಚ್ಚನ್ನು ಅರ್ಧ ಹಿಡಿದು, ಅವನ ಬೆರಳಿಗೆ ಸರಿಯಾಗಿ ಆಕ್ಸಿಲರೇಟರ್ ಒತ್ತುತ್ತಾ ಒತ್ತುತ್ತಾ ಎಂಜಿನ್ನಿಗೆ ಉಸಿರು ಕೂಡಿಸಿದೆ. ಶ್ರುತಿ ಮತ್ತೆ ಎದ್ದಿತು. ಕ್ಲಚ್ ಬಿಟ್ಟೆ. ಉಳಿದ ಏರನ್ನು ನಾನು ಹತ್ತಿಸಿದೆನೋ ಅವನು ಹತ್ತಿಸಿದನೋ ಹೇಳಲಾರೆ. ಮೇಲ್ಬೀದಿಯ ಸಪಾಟು ನೆಲ ಚಕ್ರಕ್ಕೆ ಸಿಕ್ಕಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ದಾಕ್ಷಾಯಿಣಿಯ ಮನೆ ಏರಿನ ಬಾಯಲ್ಲೇ ಇದೆ. ಬಾಗಿಲು ತೆರೆದಿತ್ತು. ಅಣ್ಣ ಇಳಿದು, ಅಂಗಿ ಸರಿ ಮಾಡಿಕೊಂಡು, ಎದೆತುಂಬ ಇದ್ದ ಉಸಿರನ್ನು ಜೋಪಾನವಾಗಿ ಹೊತ್ತುಕೊಂಡು ಹೊಸಿಲಿನ ಮುಂದೆ ನಿಂತ. ಒಳಗೆ ಯಾರೂ ಇರಲಿಲ್ಲ. ಎದುರು ಮನೆಯ ಜಗಲಿಯಲ್ಲಿದ್ದವರು ಬೀದಿಯ ಆ ತುದಿಗೆ ಕೈ ತೋರಿಸಿದರು. ಬೋರಜ್ಜಿಯ ಸ್ಟವ್ ನೋಡಲು ಹೋಗಿದ್ದಾಳಂತೆ. ಅಲ್ಲಿಗೆ ಹೋಗಿ ಕೇಳುವಂತಿಲ್ಲ, ಅವಳ ಹೊಸಿಲಲ್ಲೇ ಆಗಬೇಕು. ಇಷ್ಟೆಲ್ಲ ಯೋಚನೆ ಮಾಡಿದ ನಾವು ಅವಳು ಮನೆಯಲ್ಲಿ ಇರುತ್ತಾಳೋ ಇಲ್ಲವೋ ಅಂತ ಯೋಚಿಸಿರಲಿಲ್ಲ. ಎಳೆತ ಮುಗಿಯಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಬಾ ಹೋಗೋಣ, ಇನ್ನೊಂದು ದಿನ ಬರೋಣ ಅಂತ ನಾನು ಅಣ್ಣನ ತೋಳು ಹಿಡಿದೆ. ಅವನು ಕದಲಲಿಲ್ಲ.

ಆಗ ಬೀದಿಯ ಆ ತುದಿಯಲ್ಲಿ ಯಾರೋ ಓಡಿ ಬರುವುದು ಕಾಣಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಕೈಯಲ್ಲಿದ್ದ ಸ್ಪ್ಯಾನರನ್ನೂ ಕೆಳಗಿಡದೆ ದಾಕ್ಷಾಯಿಣಿ ಓಡಿ ಬರುತ್ತಿದ್ದಳು. ಎಳೆತದಲ್ಲಿ ಕಾರಿನ ಸದ್ದು ಕೇಳಿದರೆ ಅದು ಯಾರ ಕಾರು ಅಂತ ಅವಳಿಗೆ ಬೇರೆ ಹೇಳಬೇಕೇ? ಜಗಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವಳು ಬಂದು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಖ ಕಪ್ಪಿಟ್ಟಿತ್ತು. ಸುಧಾರಿಸಿಕೊಳ್ಳಲಿ ಅಂತ ಅಣ್ಣ ಸುಮ್ಮನಿದ್ದ. ಅಷ್ಟರಲ್ಲಿ ತಂತಿಯ ಮೇಲಿನ ಬಟ್ಟೆಯ ಅಂಚು ಅಲ್ಲಾಡಿತು. ಗುಡ್ಡ ಇನ್ನೇನು ಬಿಡುವುದರಲ್ಲಿತ್ತು.

"ದಾಕ್ಷಾಯಿಣಿಯವರೇ, ನನ್ನ ಮದುವೆ ಆಗ್ತೀರಾ?" ಅಂದ ನಮ್ಮಣ್ಣ.

ಗಟ್ಟಿಯಾಗಿ, ತುಂಬು ದನಿಯಲ್ಲಿ, ಒಂದಕ್ಷರವೂ ನಡುಗದಂತೆ ಕೇಳಿದ. ಆ ಬೀದಿಯಲ್ಲಿ ಎಳೆತದಲ್ಲಿ ಅಷ್ಟು ದೊಡ್ಡ ದನಿಯನ್ನು ಯಾರೂ ಕೇಳಿರಲಿಕ್ಕಿಲ್ಲ. ದಾಕ್ಷಾಯಿಣಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಮತ್ತೆ ತೆರೆದಳು. ಎದೆ ಮೇಲೆ ಕೆಳಗೆ ಆಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಅವನಿಗೆ ಉಸಿರು ಹೊಂದಿಸಲೆಂದು ನಾವು ಒಂದು ಕಾರನ್ನೇ ಬಿಚ್ಚಿ ಕಟ್ಟಿದ್ದೆವು. ಅವಳ ಉಸಿರಿನ ಬಗ್ಗೆ ಯಾರು ಯೋಚಿಸಿದ್ದರು? ಹೇಳೇ ತಾಯಿ, ಒಂದು ಹೂಂ ಅನ್ನೇ ಅಂತ ನಾನು ಮನಸ್ಸಿನಲ್ಲೇ ಅಂಗಲಾಚಿದೆ.

ಗುಡ್ಡ ಬಿಟ್ಟೇಬಿಟ್ಟಿತು. ಬಟ್ಟೆಗಳೆಲ್ಲ ಒಟ್ಟಿಗೆ ಎದ್ದವು. ಒಲೆಗಳು ಭಗ್ಗೆಂದವು. ಎಲ್ಲೋ ಒಬ್ಬ ಅತ್ತೆ ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದಳು. ಆಮೇಲೆ ದಾಕ್ಷಾಯಿಣಿಗೆ ದನಿ ಬಂತು. "ಆಗ್ತೀನಿ" ಅಂದಳು. ಬಿಡುವಿನ ಮಾತು ಅದು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳಿಗೂ ಅದು ಗೊತ್ತಿತ್ತು, ಹೇಳಿದವಳೇ ಕುಸಿದು ಹೊಸಿಲ ಮೇಲೆ ಕೂತಳು. ಅಣ್ಣನ ಒಂದೇ ಸಲ ಮುಗಿದುಹೋಗಿತ್ತು. ಜನ ತಲೆ ತಗ್ಗಿಸಿ ನಿಂತರು.

ಬೋರಜ್ಜಿ ಕೋಲೂರಿಕೊಂಡು ಬರಲು ಬಹಳ ಹೊತ್ತು ಹಿಡಿಯಿತು. ಅವಳು ಬರುವವರೆಗೆ ಯಾರೂ ಜಾಗ ಬಿಟ್ಟು ಹೋಗಲಿಲ್ಲ. ಬಂದವಳು ಹೊಸಿಲ ಮೇಲೆ ಕೂತಿದ್ದ ದಾಕ್ಷಾಯಿಣಿಯ ದೂಳು ಹಿಡಿದ, ಕಲ್ಲು ತಾಗಿ ರಕ್ತ ಬಂದಿದ್ದ ಕಾಲುಗಳನ್ನು ನೋಡಿದಳು. ಎದುರುಮನೆಯವನೊಬ್ಬ, ಅಜ್ಜೀ, ಉತ್ತರ ಎಳೆತದಲ್ಲಿ ಬರಲಿಲ್ಲ ಅಂತ ಮೆಲ್ಲಗೆ ಹೇಳಿದ.

"ನನ್ನ ಮನೆಯಿಂದ ಇಲ್ಲಿಗಂಟ ಎಳೆತದಲ್ಲಿ ಓಡಿ ಬಂದವ್ಳೆ ಕಣೋ" ಅಂದಳು ಬೋರಜ್ಜಿ. "ಇನ್ನು ಬಾಯಲ್ಲಿ ಬೇರೆ ಹೇಳ್ಬೇಕಾ?"

ತಗ್ಗಿದ್ದ ತಲೆಗಳೆಲ್ಲ ಮೇಲೆದ್ದವು. ಅಣ್ಣ ಹೊಸಿಲ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ದಾಕ್ಷಾಯಿಣಿಯ ಕಾಲಿನ ದೂಳನ್ನು ಆ ಬಿಳಿ ಅಂಗಿಯ ತುದಿಯಿಂದ ಒರೆಸತೊಡಗಿದ. ಅವಳು ಬೇಡ ಬೇಡ ಅಂತ ಕಾಲು ಎಳೆದುಕೊಳ್ಳುತ್ತಿದ್ದಳು, ಅವನು ಬಿಡುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದರು.